ಕೇನ್ ಬೆಂಡಿನ ಗೋರಿಗಳನ್ನು ಗುಡಿಸಿದ ಲುವೀನಿಯಾ

ಲುವೀನಿಯಾ ಪ್ರುಯಿಟ್ ಪೊರಕೆಯಿಲ್ಲದೆ ಬರಿಗೈಯಲ್ಲಿ ನಿಂತದ್ದನ್ನು ಕೇನ್ ಬೆಂಡಿನಲ್ಲಿ ಕಂಡವರು ಕಡಿಮೆ. ಅಂಗಡಿಯ ಪೊರಕೆ ಅವಳಿಗೆ ಆಗದು. ತೊರೆಯ ದಂಡೆಯ ಪೊದೆಗಳಿಂದ ತಾನೇ ಕಡ್ಡಿ ಕಡಿದು ತಂದು, ಒಣಗಿಸಿ, ಹಳೇ ಲಂಗದ ಅಂಚಿನಿಂದ ಬಿಗಿದು ಕಟ್ಟಿದ್ದೇ ಆಗಬೇಕು. ಅಂಗಳದಲ್ಲಿ ಹುಲ್ಲಿನ ಒಂದು ಎಸಳು ತಲೆಯೆತ್ತಿದರೂ ಅದು ತನ್ನ ಮಾನಕ್ಕೇ ಕುಂದು ಎನ್ನುವಂತೆ ಕಿತ್ತೆಸೆಯುತ್ತಿದ್ದಳು. ಒಬ್ಬರನ್ನೊಬ್ಬರು ಸಿಸ್ಟರ್ ಎಂದು ಕರೆಯುವ ಚರ್ಚಿನ ಹೆಂಗಸರು ಅವಳ ಬೆನ್ನ ಹಿಂದೆ ನಗುತ್ತಿದ್ದರು. "ಸಿಸ್ಟರ್ ಪ್ರುಯಿಟ್ ಸ್ವರ್ಗಕ್ಕೆ ಹೋದ್ರೂ ಮೊದ್ಲು ಬಾಗಿಲ ಮುಂದಿನ ಮೆಟ್ಲು ಗುಡಿಸಿ ಆಮೇಲೇ ಒಳಗೆ ಕಾಲಿಡೋದು" ಎನ್ನುತ್ತಿದ್ದರು. ಅವಳಿಗೆ ಅದು ಕಿವಿಗೆ ಬಿದ್ದರೆ ಒಳಗೊಳಗೇ ಖುಷಿಯಾಗುತ್ತಿತ್ತು.

ಅವಳು ಹುಟ್ಟಿದಾಗ ಹ್ಯೂಸ್ಟನ್ ನಗರ ದೂರವಿತ್ತು. ಬೆಳಗ್ಗೆ ಹೇಸರಗತ್ತೆಯ ಗಾಡಿ ಹೂಡಿದರೆ ಮಧ್ಯಾಹ್ನಕ್ಕೆ ಮುಟ್ಟಬಹುದಾದಷ್ಟು ದೂರ. ಗುಲಾಮಗಿರಿ ಮುಗಿದ ಮೇಲೆ ಅವಳ ಅಜ್ಜಂದಿರು, ಬಿಳಿಯರಿಗೆ ಯಾರಿಗೂ ಬೇಡವಾದ ಜೌಗು ನೆಲದಲ್ಲಿ ಹದಿನಾರು ಮನೆ ಮತ್ತು ಒಂದು ಚರ್ಚು ಕಟ್ಟಿಕೊಂಡು ಅದನ್ನೇ ಊರೆಂದು ಕರೆದಿದ್ದರು. ನಮ್ಮ ಊರು ನಗರದ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಗರವೇ ನಮ್ಮ ಕಡೆ ಬಂತು. ಮೊದಲು ರೈಲಿನ ಹಳಿ, ಆಮೇಲೆ ಹತ್ತಿಯ ಹೊಲಗಳಿದ್ದಲ್ಲಿ ಎಣ್ಣೆಯ ದೊಡ್ಡ ದೊಡ್ಡ ಪೀಪಾಯಿಗಳು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಾಲುಮನೆಗಳು. ಕೊನೆಗೆ ತೊರೆಯಾಚೆ ವಿಲೋ ಟೆರೇಸ್ ಎಂಬ ಬಡಾವಣೆ ಎದ್ದಿತು. ವಿಲೋ ಮರವೊಂದು ಅಲ್ಲಿ ಮದ್ದಿಗೆ ಬೇಕೆಂದರೂ ಇಲ್ಲ. ಇರುವುದು ಒಂದೇ ಅಚ್ಚಿನ ಇಟ್ಟಿಗೆಯ ಮನೆಗಳು, ದಿನವೂ ನೀರು ಕುಡಿಯುವ ಹುಲ್ಲುಹಾಸು. ಯಾರಿಗೂ ಬೇಡವಾಗಿದ್ದ ಜೌಗು ನೆಲ ಎಲ್ಲರಿಗೂ ಬೇಕಾಯಿತು.

ಲುವೀನಿಯಾಳ ಮನಸ್ಸೆಲ್ಲ ಇದ್ದದ್ದು ಊರ ಹಿಂದಿನ ಸ್ಮಶಾನದಲ್ಲಿ. ನಮ್ಮ ಹಿರಿಯರಲ್ಲಿ ಬಹಳ ಮಂದಿಗೆ ಕಲ್ಲು ಕೆತ್ತಿಸುವ ತ್ರಾಣವಿರಲಿಲ್ಲ. ಸತ್ತವರು ಕೊನೆಯ ಸಲ ಬಳಸಿದ ಬಟ್ಟಲನ್ನೋ ತಟ್ಟೆಯನ್ನೋ ದೀಪದ ಬುರುಡೆಯನ್ನೋ ತಂದು, ತಳ ಒಡೆದು, ಗೋರಿಯ ತಲೆಯ ಕಡೆ ಊರುವುದು ಪದ್ಧತಿ. ಒಡೆಯದೆ ಇಟ್ಟರೆ ಸಾವಿನ ಸರಪಳಿ ಕಡಿಯುವುದಿಲ್ಲ, ಅದೇ ಮನೆಯಿಂದ ಇನ್ನೊಬ್ಬರನ್ನು ಕರೆಯುತ್ತದೆ ಎನ್ನುತ್ತಿದ್ದರು. ಗೋರಿಯ ಮೇಲೆ ಹುಲ್ಲು ಬೆಳೆಯಲು ಬಿಡಬಾರದು. ಕೆರೆದು, ಗುಡಿಸಿ, ಬರೀ ಮಣ್ಣಾಗಿಯೇ ಇಡಬೇಕು. ಆ ಕೆಲಸ ಲುವೀನಿಯಾ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಹಿಡಿದವಳು ಬಿಡಲಿಲ್ಲ.

ಇಪ್ಪತ್ತೈದಕ್ಕೆ ಹಿಡಿಯಲು ಕಾರಣವಿತ್ತು. 1931ರ ಚಳಿಗಾಲದಲ್ಲಿ ಗಂಟಲುಮಾರಿ ಬಂತು. ಲುವೀನಿಯಾಳ ಒಬ್ಬಳೇ ಮಗಳು ಕೋರಾ ನೆಲ್, ನಾಲ್ಕು ವರ್ಷದವಳು, ಮಂಗಳವಾರ ಹೋದಳು. ಪಕ್ಕದ ಮನೆಯ ಆರ್ಜೀಲಿಯಾ ಟಿಬ್ಸ್‌ಳ ಮಗ ಡೆಲ್ಮರ್ ಶುಕ್ರವಾರ ಹೋದ. ಅವನಿಗೂ ನಾಲ್ಕೇ. ಆರ್ಜೀಲಿಯಾ ತಾನೇ ಜ್ವರದಲ್ಲಿ ಬಿದ್ದು, ಮಗ ಸತ್ತದ್ದಾಗಲಿ ಮಣ್ಣಿಗಿಟ್ಟದ್ದಾಗಲಿ ತಿಳಿಯದೆ ಮೂರು ವಾರ ಮಲಗಿದ್ದಳು. ಲುವೀನಿಯಾ ಮೂರು ದಿನಗಳ ಅಂತರದಲ್ಲಿ ಎರಡು ಗುಂಡಿಗಳ ಮುಂದೆ ನಿಂತಳು. ಸ್ಮಶಾನದ ದೇವದಾರು ಮರದ ಹತ್ತಿರ, ಮಕ್ಕಳನ್ನು ಹೂಳುವ ಮೂಲೆಯಲ್ಲಿ, ನೀರು ಜಿನುಗದ ಗಟ್ಟಿ ಜಾಗ ಸಿಕ್ಕಿದ ಕಡೆ ಅಗೆದದ್ದು, ಸಾಲೂ ಇಲ್ಲ ಅಳತೆಯೂ ಇಲ್ಲ. ತನ್ನ ಮಗಳ ತಲೆಯ ಕಡೆ ಹಳದಿ ಹೂವಿನ ಪಿಂಗಾಣಿ ಬಟ್ಟಲು ಊರಿದಳು. ಆರ್ಜೀಲಿಯಾಳ ಅಡುಗೆಮನೆಯಿಂದ ಹಸಿರು ಗಾಜಿನ ಲೋಟ ತಂದು ಡೆಲ್ಮರ್‌ಗೆ ಊರಿದಳು.

ಆರ್ಜೀಲಿಯಾ ಎದ್ದು ಓಡಾಡುವಂತಾದ ಮೇಲೆ ಅವಳನ್ನು ತೋಳು ಹಿಡಿದು ಕರೆದುಕೊಂಡು ಹೋದವಳೂ ಲುವೀನಿಯಾಳೇ.

"ಎಲ್ಲಿ, ವೀನಿ?"

"ಇಲ್ಲೇ ಕಣೇ. ನಿನ್ ಹಸಿರು ಲೋಟ ಕಾಣ್ತಾ ಇಲ್ವಾ?"

ಆರ್ಜೀಲಿಯಾ ನೆಲಕ್ಕೆ ಕೂತು ಲೋಟವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಮಗ ಎಲ್ಲಿದ್ದಾನೆಂದು ಅವಳಿಗೆ ತಿಳಿದದ್ದು ಆ ಲೋಟದಿಂದ. ಬೇರೆ ಯಾವ ಸಾಕ್ಷಿಯೂ ಅವಳ ಬಳಿ ಇರಲಿಲ್ಲ.

ಇಬ್ಬರಿಗೂ ಮತ್ತೆ ಮಕ್ಕಳಾಗಲಿಲ್ಲ. ನಲವತ್ತು ವರ್ಷ ಬೇಲಿಯ ಆಚೆ ಈಚೆ ನಿಂತು ಜಗಳವಾಡಿದರು, ಜೋಳದ ರೊಟ್ಟಿ ಹಂಚಿಕೊಂಡರು, ಗಂಡಂದಿರನ್ನು ಕಳೆದುಕೊಂಡರು. ವಾರಕ್ಕೊಮ್ಮೆ ಲುವೀನಿಯಾ ಸ್ಮಶಾನ ಗುಡಿಸಲು ಹೊರಟರೆ ಆರ್ಜೀಲಿಯಾ ಹಿಂದೆಯೇ ಹೋಗಿ ಲೋಟದ ಬಳಿ ಕೂತು ಬಾಯಿಗೆ ಬಂದದ್ದು ಹರಟುತ್ತಿದ್ದಳು. ಮಗನೊಡನೆಯೋ ಲುವೀನಿಯಾಳೊಡನೆಯೋ ಎಂದು ಬಿಡಿಸಿ ಹೇಳುವಂತಿರಲಿಲ್ಲ.

ಹೊಟ್ಟೆಪಾಡಿಗೆ ಲುವೀನಿಯಾ ವಿಲೋ ಟೆರೇಸಿನ ಮಿಸೆಸ್ ಕಿಟ್ರೆಜ್ ಮನೆಯಲ್ಲಿ ಕೆಲಸಕ್ಕಿದ್ದಳು. ಕಿಟ್ರೆಜಮ್ಮ ಕೆಟ್ಟವಳೇನಲ್ಲ. ಹಬ್ಬಕ್ಕೆ ಹ್ಯಾಮ್ ಕೊಡುತ್ತಿದ್ದಳು, ಬೈಯುತ್ತಿರಲಿಲ್ಲ. ಒಂದು ದಿನ ಹಿಂದಿನ ಕಿಟಕಿಯಿಂದ ತೊರೆಯಾಚೆ ನೋಡುತ್ತ, "ವೀನಿ, ಆ ಮರದ ಹತ್ರ ಯಾರೋ ಒಡಕು ಪಾತ್ರೆ, ಬಾಟ್ಲಿ ಎಲ್ಲಾ ತಂದು ಸುರಿದಿದಾರಲ್ಲ. ಅದು ನಿಮ್ಮೂರ ತಿಪ್ಪೆನಾ?" ಎಂದಳು.

ಲುವೀನಿಯಾ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. "ಹೌದು ಮೇಡಂ" ಎಂದುಬಿಟ್ಟಳು.

ಯಾಕೆ ಹಾಗಂದಳೋ ಅವಳಿಗೇ ಗೊತ್ತಿಲ್ಲ. ವಿವರಿಸಲು ಬೇಸರ, ವಿವರಿಸಿದರೆ ಆ ಹೆಂಗಸು ಅಯ್ಯೋ ಪಾಪ ಎನ್ನುತ್ತಾಳೆಂಬ ಇನ್ನೂ ದೊಡ್ಡ ಬೇಸರ. ಆದರೆ ಅಂದಿನಿಂದ ಗುಡಿಸುವಾಗೆಲ್ಲ ತೊರೆಯಾಚೆಯ ಆ ಕಿಟಕಿ ತನ್ನ ಬೆನ್ನನ್ನು ನೋಡುತ್ತಿದೆ ಎನಿಸುತ್ತಿತ್ತು. ತನ್ನ ಮಗಳ ಗೋರಿಯ ಮೇಲಿನ ಬಟ್ಟಲು ಅವಳ ಕಣ್ಣಿಗೂ ಒಂದೊಂದು ಸಲ ಒಡಕು ಬಟ್ಟಲಾಗಿಯೇ ಕಂಡು, ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

1972ರಲ್ಲಿ ವಿಲೋ ಟೆರೇಸ್ ಕಟ್ಟಿದ ಕಂಪನಿಯೇ ತೊರೆಯ ಈಚೆಯ ನೆಲವನ್ನೂ ಕೊಂಡಿತು. ಸ್ಮಶಾನಕ್ಕೆ ಕಾಗದಪತ್ರವಿರಲಿಲ್ಲ. ಅಜ್ಜಂದಿರಿಗೆ ಯಾರೋ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದ ಜಾಗ ಅದು. ರೆವರೆಂಡ್ ಸ್ಟೋವಾಲ್ ಭಾನುವಾರದ ಪ್ರಾರ್ಥನೆ ಮುಗಿಸಿ ಸುದ್ದಿ ತಿಳಿಸಿದ.

"ಬುಧವಾರ ಅವರ ಸರ್ವೆಯರ್ ಬರ್ತಾನೆ. ಗುರುತಿರೋ ಗೋರಿಗಳನ್ನೆಲ್ಲ ಅವರೇ ಅಗೆದು, ಆರು ಮೈಲಿ ಆಚೆ ಹೊಸ ಸ್ಮಶಾನಕ್ಕೆ ಮರ್ಯಾದೆಯಿಂದ ಸಾಗಿಸ್ತಾರೆ. ಹೆಸರಿನ ಕಲ್ಲೂ ಹಾಕಿಸ್ತಾರೆ. ಗುರುತಿಲ್ಲದ ಕಡೆ ಬರೀ ನೆಲ ಅಂತ ಮನೆ ಕಟ್ತಾರೆ. ಜಗಳ ಆಡಿ ನೋಡಿದೀನಿ, ಇಷ್ಟೇ ಸಿಕ್ಕಿದ್ದು. ಅವನು ಬಂದಾಗ ನಮ್ಮ ಸ್ಮಶಾನ ಸ್ಮಶಾನದ ಥರ ಕಾಣ್ಬೇಕು, ಅಷ್ಟು ನೋಡ್ಕೊಳ್ಳಿ."

ಎಲ್ಲರೂ ಲುವೀನಿಯಾಳ ಕಡೆ ತಿರುಗಿದರು. ಅವಳು ಟೋಪಿ ಸರಿಮಾಡಿಕೊಂಡು, "ಅದು ನನಗೆ ಬಿಡಿ" ಎಂದಳು.

ಮಂಗಳವಾರ ಕಿಟ್ರೆಜ್ ಮನೆಗೆ ಹೋಗದೆ, ಬೆಳಕು ಹರಿಯುತ್ತಲೇ ಸ್ಮಶಾನಕ್ಕೆ ಹೋದಳು. ಜೊತೆಗೆ ಯಾರನ್ನೂ ಕರೆಯಲಿಲ್ಲ. ಬೇರೆಯವರು ಗುಡಿಸಿದ್ದನ್ನು ಅವಳು ಮತ್ತೆ ಗುಡಿಸಬೇಕಾಗುತ್ತಿತ್ತು. ಎಲೆ ಬಳಿದಳು, ಹುಲ್ಲು ಕೆತ್ತಿದಳು, ಹತ್ತೊಂಬತ್ತು ಕಲ್ಲುಗಳನ್ನು ತೊಳೆದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಕಲ್ಲುಗಳ ನಡುವೆ ಎಲ್ಲೆಂದರಲ್ಲಿ ಬಾಯೊಡೆದ ಹೂಜಿ, ಹಿಡಿಯಿಲ್ಲದ ಬಟ್ಟಲು, ಔಷಧದ ಬಾಟಲಿ, ದೀಪದ ಗಾಜು. ತೊರೆಯಾಚೆಯ ಆ ಕಿಟಕಿಯಲ್ಲಿ ನಿಂತವಳಂತೆ ನೋಡಿದಳು ಎನ್ನಬೇಕು. ಆಳು ಸ್ಮಶಾನದಲ್ಲಿದ್ದರೂ ಕಣ್ಣು ಕಿಟ್ರೆಜಮ್ಮನದಾಗಿತ್ತು.

ಎಸೆಯುವ ಯೋಚನೆ ಅವಳಿಗೆ ಕನಸಿನಲ್ಲೂ ಬರಲಿಲ್ಲ, ಇದನ್ನು ಮಾತ್ರ ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ಒಂದು ದಿನದ ಮಟ್ಟಿಗೆ ತೆಗೆದಿಡೋಣ, ಬಿಳಿಯನು ನೋಡಿಕೊಂಡು ಹೋದ ಮೇಲೆ ಎಲ್ಲವನ್ನೂ ಅದರದರ ಜಾಗಕ್ಕೆ ಊರೋಣ ಎಂದಷ್ಟೇ. ನಲವತ್ತು ವರ್ಷ ಗುಡಿಸಿದವಳಿಗೆ ಯಾರು ಎಲ್ಲಿ ಮಲಗಿದ್ದಾರೆಂದು ಬಟ್ಟಲು ಬಂದು ಹೇಳಬೇಕೆ? ಬಟ್ಟೆ ಒಗೆಯುವ ಎರಡು ದೊಡ್ಡ ತೊಟ್ಟಿಗಳಲ್ಲಿ ಎಲ್ಲವನ್ನೂ ಜೋಪಾನವಾಗಿ ತುಂಬಿದಳು. ಗೋರಿಗಳ ದಿಬ್ಬಗಳು ಎಂದೋ ಕುಸಿದು ಸಮವಾಗಿದ್ದವು. ಬಟ್ಟಲು ಕಿತ್ತ ಕುಳಿಗಳು ಕಾಣದಂತೆ ಮಣ್ಣೆಳೆದು, ಪೊರಕೆಯಿಂದ ಗೆರೆ ಗೆರೆಯಾಗಿ ಎಳೆದಳು. ಸಂಜೆಯ ಹೊತ್ತಿಗೆ ಅಂತಹ ಚೊಕ್ಕಟ ನೆಲ ಇಡೀ ಕೌಂಟಿಯಲ್ಲಿ ಇರಲಿಲ್ಲ.

ಬುಧವಾರ ಸರ್ವೆಯರ್ ಬಂದ. ಟೋಪಿ ತೆಗೆದು ಎಲ್ಲರಿಗೂ ವಂದಿಸಿದ. "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ" ಎಂದ. ಕಲ್ಲಿನಿಂದ ಕಲ್ಲಿಗೆ ಹೋಗಿ ಕೆಂಪು ಬಾವುಟ ನೆಟ್ಟ. ಹತ್ತೊಂಬತ್ತಾದ ಮೇಲೆ ಪುಸ್ತಕ ಮುಚ್ಚಿದ.

"ಇಷ್ಟೇ ಅಲ್ಲ ಸಾರ್" ಎಂದಳು ಲುವೀನಿಯಾ. "ಇನ್ನೂ ತುಂಬಾ ಜನ ಇದಾರೆ. ಅರವತ್ತರ ಮೇಲೆ."

"ತೋರಿಸಿ, ಬರ್ಕೋತೀನಿ."

ಅವಳು ಮುಂದೆ ನಡೆದಳು. ಇಡೀ ಊರು ಅವಳ ಹಿಂದೆ. ದೇವದಾರಿನ ಕಡೆ ಹೋಗಿ ಕೈಯೆತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಒಂದು ಹೆಜ್ಜೆ ಎಡಕ್ಕಿಟ್ಟಳು, ಮತ್ತೆ ಬಲಕ್ಕೆ. ನಲವತ್ತು ವರ್ಷ ಅವಳ ಕಾಲು ನಡೆದದ್ದು ಆ ಬಟ್ಟಲುಗಳ ನಡುವೆ, ಅವನ್ನು ಬಳಸಿಕೊಂಡು. ಹೂಜಿಯಿಂದ ಎರಡು ಹೆಜ್ಜೆಗೆ ದೀಪದ ಗಾಜು, ಅಲ್ಲಿಂದ ಬಾಗಿದರೆ ಹಳದಿ ಹೂವಿನ ಬಟ್ಟಲು. ಈಗ ಎದುರಿಗಿದ್ದದ್ದು ಪೊರಕೆಯ ಗೆರೆಗಳು ಮಾತ್ರ, ಅವೂ ಅವಳೇ ಎಳೆದವು. ತನ್ನ ಮಗಳನ್ನೇ ಅವಳಿಗೆ ತೋರಿಸಲಾಗಲಿಲ್ಲ.

"ಇಲ್ಲೇ ಎಲ್ಲೋ" ಎಂದಳು.

ಸರ್ವೆಯರ್ ಪಾಪ ಕಾದ. ಆಮೇಲೆ ಟೋಪಿ ಹಾಕಿಕೊಂಡ.

ಗುಂಪಿನಲ್ಲಿ ಯಾರೂ ಬೈಯಲಿಲ್ಲ. ಕಣ್ಣಿನ ಪೊರೆಯಿಂದ ಅರ್ಧ ಕುರುಡಾಗಿದ್ದ ಆರ್ಜೀಲಿಯಾ ಕೋಲೂರಿಕೊಂಡು ಮುಂದೆ ಬಂದು, ನೆಲಕ್ಕೆ ಕೂತು, ಎರಡೂ ಕೈಗಳಿಂದ ಮಣ್ಣು ತಡಕಾಡಿದಳು. ಅಲ್ಲಿ ಇಲ್ಲದಾಗ ತೆವಳಿಕೊಂಡು ಇನ್ನೊಂದು ಕಡೆ ತಡಕಿದಳು.

"ವೀನಿ, ನನ್ ಲೋಟ ಎಲ್ಲಿ?"

"ಮನೇಲಿದೆ ಕಣೇ. ತೊಟ್ಟೀಲಿ. ಭದ್ರವಾಗಿದೆ."

"ತೊಟ್ಟೀಲಿ." ಆರ್ಜೀಲಿಯಾ ತಲೆ ಎತ್ತಿದಳು. "ಅದು ನಿನ್ನ ಅಡುಗೆಮನೆ ಸಾಮಾನಾ? ಯಾರ್ ಕೇಳಿದ್ರು ನಿನ್ನ? ನೀನು ಅವನನ್ನ ಮಣ್ಣಿಗಿಟ್ಟಿದ್ದು ಕಣ್ಣಾರೆ ನೋಡಿದವಳು. ನಾನು ನೋಡ್ಲಿಲ್ವಲ್ಲೇ. ನನಗೆ ಇದ್ದಿದ್ದೇ ಅದೊಂದು ಲೋಟ."

"ತಪ್ಪಾಯ್ತು, ಆರ್ಜೀ."

"ಬಿಳಿಯರ ಕಣ್ಣಿಗೆ ಚೆನ್ನಾಗಿ ಕಾಣ್ಬೇಕಿತ್ತು ನಿನಗೆ. ಕಾಣ್ತಲ್ಲ, ತಗೋ. ಅವನು ಹೊಗಳಿದ್ದು ಕೇಳಿಸ್ತು."

ಅಂದು ಲುವೀನಿಯಾ ಮನೆಗೆ ಹೋಗಿ ತೊಟ್ಟಿಗಳ ಪಕ್ಕ ಕೂತು, ಒಂದೊಂದೇ ಬಟ್ಟಲನ್ನು ಮಡಿಲಿನಲ್ಲಿಟ್ಟುಕೊಂಡು ಅದರ ಜಾಗ ನೆನೆಯಲು ನೋಡಿದಳು. ಯಾರ ಬಟ್ಟಲು ಯಾವುದೆಂದು ಎಲ್ಲವೂ ನೆನಪಾಯಿತು. ಅವರು ಏನು ತಿನ್ನುತ್ತಿದ್ದರು, ಹೇಗೆ ನಗುತ್ತಿದ್ದರು, ಅದೂ ನೆನಪಾಯಿತು. ಜಾಗ ಮಾತ್ರ ನೆನಪಾಗಲಿಲ್ಲ.

ರೆವರೆಂಡ್ ಕಂಪನಿಯವರ ಕೈಕಾಲು ಹಿಡಿದು ಮೂರು ದಿನದ ಗಡುವು ತಂದ. ಮನೆಮನೆಯವರು ತೋರಿಸಿದ ಕಡೆ ಅಗೆದು ನೋಡುವುದು, ಸಿಕ್ಕಿದವರನ್ನು ಸಾಗಿಸುವುದು, ಭಾನುವಾರ ಕಳೆದ ಮೇಲೆ ಯಂತ್ರ ಇಳಿಯುವುದು. ಅಗೆಯುವ ಹೊಣೆ ನಮ್ಮವರೇ ಆದ ಹೋರೇಸ್ ಲವೆಟ್‌ನದು. ಅವನು ಶವಸಂಸ್ಕಾರದ ಕೆಲಸ ನಡೆಸುವವನು, ಮಾತು ಕಡಿಮೆ. ಮೊದಲ ಎರಡು ದಿನ ದೊಡ್ಡವರ ಗೋರಿಗಳು ಹತ್ತಾರು ಸಿಕ್ಕವು. ಕೆಲವರಿಗೆ ಹೆಸರು ಹೇಳಲಾಯಿತು, ಕೆಲವರು ಹೆಸರಿಲ್ಲದೆ ಹೋದರು. ಮಕ್ಕಳ ಮೂಲೆಯಲ್ಲಿ ಏನೂ ಸಿಗಲಿಲ್ಲ. "ಎಳೇ ಮೂಳೆ, ಸಿಸ್ಟರ್" ಎಂದ ಹೋರೇಸ್. "ಈ ಕರೀ ಜೇಡಿ ಏನನ್ನೂ ಉಳಿಸಲ್ಲ." ಲುವೀನಿಯಾ ಊಟ ಬಿಟ್ಟು ಗುಂಡಿಯಿಂದ ಗುಂಡಿಗೆ ಓಡಾಡಿದಳು. ಅವಳು ತೋರಿಸಿದ ಕಡೆಯೆಲ್ಲ ಬರೀ ಮಣ್ಣು ಬಂತು.

ಮೂರನೆಯ ದಿನ ಇಳಿಹೊತ್ತಿನಲ್ಲಿ, ದೇವದಾರಿನ ಬೇರಿನ ಪಕ್ಕ, ಹೋರೇಸನ ಸಲಿಕೆ ಮೆಲ್ಲಗೆ ನಿಂತಿತು. ಅವನು ಮಂಡಿಯೂರಿ ಕೈಯಿಂದ ಮಣ್ಣು ಸರಿಸಿದ. ಕಪ್ಪು ಮಣ್ಣಿನಲ್ಲಿ ಕಂದು ಬಣ್ಣದ ಒಂದು ಸಣ್ಣ ಪೆಟ್ಟಿಗೆಯ ಅಚ್ಚು, ಎರಡೂವರೆ ಮೊಳ ಉದ್ದದ್ದು. ಮರ ಪುಡಿಯಾಗಿತ್ತು. ಒಳಗೆ ಹಾಲುಹಲ್ಲುಗಳಿದ್ದವು.

ಆ ಮೂಲೆಯಲ್ಲಿ ತಮ್ಮ ಮಕ್ಕಳಿಗಾಗಿ ಕಾದು ನಿಲ್ಲಲು ಬದುಕಿ ಉಳಿದಿದ್ದ ತಾಯಂದಿರು ಇಬ್ಬರೇ. ಲುವೀನಿಯಾ ಗುಂಡಿಯ ಅಂಚಿನಲ್ಲಿದ್ದಳು. ಆರ್ಜೀಲಿಯಾ ಹತ್ತು ಹೆಜ್ಜೆ ಆಚೆ, ಚರ್ಚಿನಿಂದ ತಂದ ಕುರ್ಚಿಯ ಮೇಲೆ, ಕೋಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು.

"ಏನಾದ್ರೂ ಸಿಕ್ತಾ?" ಎಂದು ಅಲ್ಲಿಂದಲೇ ಕೇಳಿದಳು.

ಹೋರೇಸ್ ಮಣ್ಣಿನಿಂದ ಒಂದು ಮೊಳೆ ಎತ್ತಿ, ಹೆಬ್ಬೆರಳಿನಿಂದ ತಿಕ್ಕಿ, ಲುವೀನಿಯಾಳ ಅಂಗೈ ಮೇಲಿಟ್ಟ. ದಪ್ಪ ತಲೆಯ ಗಿಡ್ಡ ಮೊಳೆ. ತುಕ್ಕಿನ ಕೆಳಗೆ ತಲೆಯ ಮೇಲೆ ಎರಡು ಅಂಕಿ ಎದ್ದು ಕಾಣುತ್ತಿದ್ದವು. ಇಪ್ಪತ್ತೊಂಬತ್ತು. ರೈಲಿನ ಹಳಿಯ ಕೆಳಗಿನ ಮರದ ದಿಮ್ಮಿಗೆ, ಅದನ್ನು ಹಾಸಿದ ವರ್ಷ ತಿಳಿಯಲೆಂದು ಹೊಡೆಯುವ ಮೊಳೆ ಅದು. ಲುವೀನಿಯಾಳ ಗಂಡ ಏಮಸ್ ಹಳಿಯ ಕೆಲಸದವನು. ಮಂಗಳವಾರ ಮಗಳು ಹೋದಾಗ ಮನೆಯಲ್ಲಿ ಮೊಳೆಯಿರಲಿಲ್ಲ. ಅವನು ಕೆಲಸದ ಕೋಟಿನ ಜೇಬು ತಡಕಿ, ಇದ್ದ ಇಂಥ ಮೊಳೆಗಳಿಂದ ತಾನೇ ಪೆಟ್ಟಿಗೆ ಬಡಿದಿದ್ದ. ಹೊಡೆತಕ್ಕೊಂದು ಸಲ ನಿಂತು ಅಳುತ್ತಿದ್ದ. ಡೆಲ್ಮರ್‌ನ ಪೆಟ್ಟಿಗೆಯನ್ನು ಊರವರು ಚಂದಾ ಎತ್ತಿ ನಡೆಸುತ್ತಿದ್ದ ಶವಸಂಸ್ಕಾರ ಸಂಘದವರು ಪೇಟೆಯಿಂದ ತರಿಸಿದ್ದರು. ಜ್ವರದಲ್ಲಿ ಮಲಗಿದ್ದ ಆರ್ಜೀಲಿಯಾ ಅದನ್ನು ಕಂಡವಳಲ್ಲ.

ಲುವೀನಿಯಾ ಮುಷ್ಟಿ ಮುಚ್ಚಿದಳು. ಕೋರಾ ಸಿಕ್ಕಿದ್ದಳು. ನಲವತ್ತೊಂದು ವರ್ಷದ ಮೇಲೆ, ಕೈಗೆಟುಕುವಷ್ಟು ಹತ್ತಿರ, ಅವಳ ಹಾಲುಹಲ್ಲುಗಳು. ಕೆಳಗಿಳಿದು ಆ ಮಣ್ಣನ್ನು ಹಾಗೆಯೇ ಬಾಚಿ ತಬ್ಬಿಕೊಳ್ಳಬೇಕೆನಿಸಿತು ಅವಳಿಗೆ.

"ವೀನಿ, ಏನು ಅಂತ ಹೇಳೇ. ನನಗೆ ಕಣ್ಣು ಕಾಣಲ್ಲ ಅಂತ ಗೊತ್ತಿಲ್ವಾ?"

ತೊರೆಯ ದಂಡೆಯಲ್ಲಿ ಕಂಪನಿಯ ಹಳದಿ ಯಂತ್ರಗಳು ಆಗಲೇ ಬಂದು ಸಾಲಾಗಿ ನಿಂತಿದ್ದವು. ಹೋರೇಸ್ ಲುವೀನಿಯಾಳ ಮುಖ ನೋಡುತ್ತ ಕಾದ.

"ಆರ್ಜೀ," ಎಂದಳು ಅವಳು. ಮುಷ್ಟಿ ಬಿಚ್ಚದೆ ಮತ್ತೆ ಕರೆದಳು. "ಆರ್ಜೀ, ಬಾ ಇಲ್ಲಿ. ಡೆಲ್ಮರ್ ಸಿಕ್ಕಿದ."

"ಆಣೆ?"

"ನಾನೇ ಮಣ್ಣಿಗಿಟ್ಟವಳಲ್ವಾ. ನನಗೆ ಗೊತ್ತಾಗಲ್ವಾ? ಬಾ."

ಆರ್ಜೀಲಿಯಾ ಬಂದಳು. ಹೋರೇಸ್ ಅವಳ ಕೈ ಹಿಡಿದು ಗುಂಡಿಗೆ ಬಾಗಿಸಿದ. ಅವಳು ಆ ಮಣ್ಣನ್ನು ಮುಟ್ಟಿ, ಮಗುವನ್ನು ಮಲಗಿಸುವಾಗ ಆಡುವ ಮಾತುಗಳನ್ನೆಲ್ಲ ಆಡಿದಳು. ಲುವೀನಿಯಾ ನಿಂತು ಕೇಳಿದಳು. ಸಾಕಷ್ಟು ಹೊತ್ತಾದ ಮೇಲೆ ಆರ್ಜೀಲಿಯಾ ಮುಖವೆತ್ತಿ, "ಮತ್ತೆ ನಿನ್ನ ಕೋರಾ?" ಎಂದಳು.

"ಇಲ್ಲ ಕಣೇ. ಕೋರಾ ಸಿಗ್ಲಿಲ್ಲ."

ಆಗ ಆರ್ಜೀಲಿಯಾ ಅವಳನ್ನು ತಬ್ಬಿಕೊಂಡು ಅತ್ತಳು. ಮೂರು ದಿನದಿಂದ ಮಾತು ಬಿಟ್ಟಿದ್ದವಳು, "ಅಯ್ಯೋ ವೀನಿ, ನಿನಗೇ ಹೀಗಾಯ್ತಲ್ಲೇ" ಎಂದು ಬೆನ್ನು ಸವರಿದಳು. ಆ ಕರುಣೆಯನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು ಲುವೀನಿಯಾಳಿಗೆ.

ಸೋಮವಾರ ಯಂತ್ರ ಇಳಿಯಿತು. ಈಗ ಅಲ್ಲಿ ಮನೆಗಳಿವೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ನಿಜವಾದ ಡೆಲ್ಮರ್ ಯಾರ ಹುಲ್ಲುಹಾಸಿನ ಕೆಳಗಿದ್ದಾನೋ ಯಾರಿಗೂ ತಿಳಿಯದು. ಹೊಸ ಸ್ಮಶಾನದಲ್ಲಿ ಕಂಪನಿಯವರು ಮಾತಿನಂತೆ ಕಲ್ಲು ಹಾಕಿಸಿದರು. ಡೆಲ್ಮರ್ ಟಿಬ್ಸ್ ಎಂದು ಕೆತ್ತಿದ ಸಣ್ಣ ಕಲ್ಲು.

ಲುವೀನಿಯಾ ಇನ್ನೂ ಒಂಬತ್ತು ವರ್ಷ ಬದುಕಿದಳು. ತಿಂಗಳಿಗೊಮ್ಮೆ ಎರಡು ಬಸ್ಸು ಬದಲಿಸಿ ಆರ್ಜೀಲಿಯಾಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಮಾಡುತ್ತಿದ್ದಾಳೆ ಎಂದು ಊರವರು ಆಡಿಕೊಂಡರು. ಹೋರೇಸ್ ಲವೆಟ್‌ಗೆ ಆ ಮೊಳೆಯ ಅರ್ಥ ಆಗಲೇ ಹೊಳೆದಿತ್ತು, ಆದರೆ ಅವಳು ತೀರಿಕೊಳ್ಳುವವರೆಗೂ ಅವನು ತುಟಿ ಬಿಚ್ಚಲಿಲ್ಲ.

ವರ್ಷಕ್ಕೊಮ್ಮೆ, ಚದುರಿಹೋದ ಊರೆಲ್ಲ ಸೇರುವ ಭಾನುವಾರ, ರೆವರೆಂಡ್ ಕಲ್ಲಿನಿಂದ ಕಲ್ಲಿಗೆ ಹೋಗಿ ಹೆಸರು ಕೂಗುತ್ತಿದ್ದ. ಮನೆಯವರು ಆಮೆನ್ ಎನ್ನಬೇಕು. ಆ ಸಣ್ಣ ಕಲ್ಲಿನ ಮುಂದೆ ನಿಂತು ಅವನು "ಡೆಲ್ಮರ್ ಟಿಬ್ಸ್" ಎನ್ನುವಾಗ ಆರ್ಜೀಲಿಯಾ ಮುದುಕಿಯ ದನಿ ಎಲ್ಲರಿಗೂ ಕೇಳಿಸುತ್ತಿತ್ತು. ಒಂದು ಹೆಜ್ಜೆ ಹಿಂದೆ ನಿಂತ ಲುವೀನಿಯಾ, ಮಗಳ ಹೆಸರನ್ನು ಬಾಯಿಂದ ಹೊರಬಿಡದೆ, ಆರ್ಜೀಲಿಯಾಳ ಜೊತೆಗೇ ಆಮೆನ್ ಎನ್ನುತ್ತಿದ್ದಳು.